ಮಗುವಿನ ತಲೆಯ ಹುಳುಕಡ್ಡಿ



ಕಳೆದ ಮಳೆಗಾಲದಲ್ಲಿ ಸೋಮವಾರಪೇಟೆ ಕಡೆಯ ಒಂದು ಮನೆಗೆ ಕರು ನೋಡಲು ಹೋಗಿದ್ದೆ. ಕರುವಿನ ಕಣ್ಣಿನ ಸುತ್ತ ಬೂದುಬಣ್ಣದ ಹಕ್ಕಳೆ ಕಟ್ಟಿತ್ತು. ಅದನ್ನು ಹಿಡಿದು ನಿಂತ ಎಂಟು ವರ್ಷದ ಹುಡುಗ ತಲೆಗೆ ವಸ್ತ್ರ ಸುತ್ತಿಕೊಂಡಿದ್ದ. ಬಿಚ್ಚಿ ನೋಡಿದರೆ ನೆತ್ತಿಯಲ್ಲಿ ರೂಪಾಯಿ ಅಗಲ ಕೂದಲು ಹೋಗಿತ್ತು. ಶಾಲೆಯಲ್ಲಿ ನಗುತ್ತಾರೆಂದು ಮೂರು ವಾರದಿಂದ ಮನೆಯಲ್ಲೇ ಇದ್ದಾನೆ ಎಂದರು ತಾಯಿ. ಕರುವಿಗೆ ಔಷಧ ಕೇಳಿದವರು ಮಗನನ್ನು ಯಾರಿಗೂ ತೋರಿಸಿರಲಿಲ್ಲ.

ಇದು ಯಾವ ರೋಗ?

ಹೆಸರಿನಲ್ಲಿ ಹುಳುವಿದ್ದರೂ ಹುಳುಕಡ್ಡಿ ಹುಳುವಿನಿಂದ ಬರುವುದಲ್ಲ. ಅದೊಂದು ಶಿಲೀಂಧ್ರ, ಎಂದರೆ ಬೂಷ್ಟಿನ ಜಾತಿಯದು. ಕಾಫಿಯ ಕೊಳೆರೋಗವೂ ಶಿಲೀಂಧ್ರದಿಂದಲೇ ಬರುವುದೆಂದು ತಾವು ಬಲ್ಲಿರಿ. ಇದು ಮಗುವಿನಿಂದ ಮಗುವಿಗೆ, ಬಾಚಣಿಗೆ ಟೋಪಿಗಳಿಂದ, ಹಾಗೂ ರೋಗದ ಕರು, ಬೆಕ್ಕು, ನಾಯಿಗಳಿಂದ ಅಂಟುತ್ತದೆ. ತಾಯಿ ಸರಿಯಾಗಿ ಮೀಯಿಸಲಿಲ್ಲವೆಂದು ದೂರುವುದು ತಪ್ಪು.

ಹೇನಾದರೆ ಕೂದಲಿಗೆ ಸೀರು ಅಂಟಿರುತ್ತದೆ. ಬರೀ ಹೊಟ್ಟಾದರೆ ಕೂದಲು ತುಂಡಾಗುವುದಿಲ್ಲ. ಹುಳುಕಡ್ಡಿಯಲ್ಲಿ ದುಂಡಗೆ ಕೂದಲು ಮುರಿದು, ಕೆಲವೊಮ್ಮೆ ಕಪ್ಪು ಚುಕ್ಕೆಗಳು ಉಳಿಯುತ್ತವೆ, ತುರಿಕೆಯೂ ಇರುತ್ತದೆ.

ಮುಲಾಮು ಏಕೆ ಸಾಲದು?

ಕಾಂಡಕೊರಕ ಕಾಫಿ ಗಿಡದ ಒಳಹೊಕ್ಕ ಮೇಲೆ ಹೊರಗೆ ಸಿಂಪಡಿಸಿ ಫಲವಿಲ್ಲ. ಹಾಗೆಯೇ ಈ ಶಿಲೀಂಧ್ರ ಕೂದಲಿನ ಒಳಗೆ, ಬುಡದವರೆಗೆ ಇಳಿದಿರುತ್ತದೆ. ಮುಲಾಮು ಅಲ್ಲಿಗೆ ಮುಟ್ಟದು. ಬಾಯಿಯ ಮೂಲಕವೇ ಔಷಧ ಕೊಡಬೇಕು.

ಗ್ರಿಸಿಯೊಫಲ್ವಿನ್ ಎಂಬ ಮದ್ದನ್ನು 1939ರಲ್ಲಿ ಒಂದು ಬೂಷ್ಟಿನಿಂದಲೇ ಬೇರ್ಪಡಿಸಿದರು. ಅದನ್ನು ನುಂಗಿದರೆ ಹುಳುಕಡ್ಡಿ ವಾಸಿಯಾಗುವುದೆಂದು ತಿಳಿದದ್ದು 1958ರ ಸುಮಾರಿಗೆ. ಅದಕ್ಕೆ ಮೊದಲು ಹಲವು ದೇಶಗಳಲ್ಲಿ ಮಕ್ಕಳ ತಲೆಗೆ ಎಕ್ಸ್‌ರೇ ಕೊಟ್ಟು ಕೂದಲು ಉದುರಿಸುತ್ತಿದ್ದರು. ಇಂದು ಆ ಕಷ್ಟವಿಲ್ಲ. ವೈದ್ಯರು ಮಗುವಿನ ತೂಕ ನೋಡಿ ಈ ಮದ್ದನ್ನೋ ಬೇರೊಂದನ್ನೋ ಕೊಡುತ್ತಾರೆ. ಗ್ರಿಸಿಯೊಫಲ್ವಿನ್ ಆದರೆ ಸಾಮಾನ್ಯವಾಗಿ 6ರಿಂದ 8 ವಾರ ಬೇಕು. ಹಾಲು ಅಥವಾ ಊಟದ ಜೊತೆ ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ತುರಿಕೆ ನಿಂತಿತೆಂದು ನಡುವೆ ನಿಲ್ಲಿಸಕೂಡದು.

ಮಾಡಬೇಕಾದದ್ದು

1. ಮಗುವನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಮನೆಯ ಇತರರ ತಲೆಯನ್ನೂ ತೋರಿಸಿ.
2. ಬಾಚಣಿಗೆ, ಟವೆಲು, ಟೋಪಿ, ದಿಂಬು ಬೇರೆ ಇಡಿ.
3. ಉಗುರು ಗಿಡ್ಡವಾಗಿ ಕತ್ತರಿಸಿ. ರಾತ್ರಿ ತುರಿಸಿದರೆ ಗದರಬೇಡಿ. ಒದ್ದೆ ಬಟ್ಟೆಯನ್ನು ಮೆಲ್ಲಗೆ ಒತ್ತಿ ಹಿಡಿಯಿರಿ. ಆ ಬಟ್ಟೆಯನ್ನು ಬೇರೆಯವರು ಬಳಸಕೂಡದು.
4. ಕರುವನ್ನು ಪಶುವೈದ್ಯರಿಗೆ ತೋರಿಸಿ. ಮುಟ್ಟಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ವಾಸಿಯಾಗುವವರೆಗೆ ಮಕ್ಕಳು ಅದನ್ನು ಅಪ್ಪಿಕೊಳ್ಳದಿರಲಿ.

ಮಾಡಬಾರದ್ದು

1. ಬೋರ್ಡೋ ದ್ರಾವಣಕ್ಕೆಂದು ತಂದ ಮೈಲುತುತ್ತ, ಸೀಮೆಎಣ್ಣೆ, ತೋಟದ ಔಷಧ, ಯಾವುದನ್ನೂ ತಲೆಗೆ ಹಚ್ಚಕೂಡದು.
2. ಅಂಗಡಿಯಲ್ಲಿ ಕೇಳಿ ತರುವ ಕೆಲವು ಮುಲಾಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುತ್ತದೆ. ತುರಿಕೆ ನಾಲ್ಕು ದಿನ ಅಡಗಿ, ರೋಗ ಹಬ್ಬುತ್ತದೆ.
3. ತಲೆಯಲ್ಲಿ ಕೀವು ತುಂಬಿ ಬಾತರೆ ಹಿಸುಕಬೇಡಿ, ಕೊಯ್ಯಿಸಬೇಡಿ. ಅದೇ ದಿನ ವೈದ್ಯರ ಬಳಿಗೆ ಹೋಗಿ. ತಡವಾದರೆ ಆ ಜಾಗದಲ್ಲಿ ಕೂದಲು ಮತ್ತೆ ಬಾರದೆ ಹೋಗಬಹುದು.

ಶಾಲೆ ಬಿಡಿಸಬೇಡಿ

ಔಷಧ ಆರಂಭಿಸಿದ ಮೇಲೆ ಮಗು ಶಾಲೆಗೆ ಹೋಗಬಹುದು. ಮೊದಲು ಗುರುಗಳಿಗೆ ವಿಷಯ ತಿಳಿಸಿ. ತಲೆ ಬೋಳಿಸುವುದು ಅಗತ್ಯವಿಲ್ಲ; ಅದರಿಂದ ಮಗುವಿಗೆ ನಾಚಿಕೆಯೇ ಹೆಚ್ಚು. "ಇದು ನಿನ್ನ ತಪ್ಪಲ್ಲ, ಕೂದಲು ಮತ್ತೆ ಬರುತ್ತದೆ" ಎಂದು ದಿನವೂ ಹೇಳಿ. ಮದ್ದು ಕೊಟ್ಟ ದಿನಗಳನ್ನು ಕ್ಯಾಲೆಂಡರಿನಲ್ಲಿ ಅವನಿಂದಲೇ ಗುರುತು ಹಾಕಿಸಿ.

ಆ ಹುಡುಗ ಹಾಗೆಯೇ ಗುರುತು ಹಾಕಿದ. ಹುತ್ತರಿಯ ಹೊತ್ತಿಗೆ ಅವನ ನೆತ್ತಿಯಲ್ಲಿ ಹೊಸ ಕೂದಲು ಬಂದಿತ್ತು. ತಮ್ಮ ಮನೆಯ ಮಕ್ಕಳ ತಲೆಯನ್ನು ಈ ಭಾನುವಾರ ಹಗಲು ಬೆಳಕಿನಲ್ಲಿ ಒಮ್ಮೆ ನೋಡಿರಿ.

— ಗ್ರಾಮಸೇವಕ