ಹಲ್ಲು ಶುದ್ಧಿಮಾಡಿಸುವ ಮುನ್ನ ನಾಯಿಗೆ ಉಪವಾಸವೇಕೆ?

ಮನುಷ್ಯನಿಗೆ 32 ಹಲ್ಲುಗಳಿರುವುದನ್ನು ನಾವೆಲ್ಲರೂ ಬಲ್ಲೆವು. ಬೆಳೆದ ನಾಯಿಗೆ 42 ಹಲ್ಲುಗಳಿವೆ, ಬೆಕ್ಕಿಗೆ 30. ನಾವು ಉಂಡ ಬಳಿಕ ಬಾಯಿ ಮುಕ್ಕಳಿಸುತ್ತೇವೆ, ದಿನವೂ ಹಲ್ಲುಜ್ಜುತ್ತೇವೆ. ನಾಯಿಗೆ ಈ ಅನುಕೂಲವಿಲ್ಲ. ಅದರ ಹಲ್ಲಿನ ಮೇಲೆ ಸೂಕ್ಷ್ಮಜೀವಿಗಳು ನೆಲಸಿ ಅಂಟಾದ ತೆಳು ಪೊರೆಯೊಂದನ್ನು ಕಟ್ಟುತ್ತವೆ. ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಲವಣಗಳು ಈ ಪೊರೆಯೊಳಗೆ ಇಳಿದು, ಕೆಲವೇ ದಿನಗಳಲ್ಲಿ ಅದನ್ನು ಕಲ್ಲಿನಂತೆ ಗಟ್ಟಿಯಾಗಿಸುತ್ತವೆ. ಹಳದಿ ಅಥವಾ ಕಂದು ಬಣ್ಣದ ಈ ಪದಾರ್ಥವೇ ಹಲ್ಲಿನ ಕಿಟ್ಟ. ಸೂಕ್ಷ್ಮಜೀವಿಗಳು ವಸಡಿನ ಕೆಳಗೂ ಇಳಿದಾಗ ವಸಡು ಊದಿಕೊಳ್ಳುತ್ತದೆ, ಬಾಯಿ ನಾರುತ್ತದೆ. ಕೊನೆಗೆ ಹಲ್ಲನ್ನು ಹಿಡಿದಿರುವ ಎಲುಬೇ ಕರಗಿ ಹಲ್ಲು ಅಲುಗಾಡತೊಡಗುತ್ತದೆ.

ಕಿಟ್ಟವನ್ನು ತೆಗೆಯಲು ಪಶುವೈದ್ಯರು ಶ್ರವಣಾತೀತ ಕಂಪನದ ಉಪಕರಣವನ್ನು ಬಳಸುತ್ತಾರೆ. ಅದರ ತುದಿ ಸಾಮಾನ್ಯವಾಗಿ ಸೆಕೆಂಡಿಗೆ 25,000 ಬಾರಿಗೂ ಮಿಗಿಲಾಗಿ ಕಂಪಿಸಿ ಕಿಟ್ಟವನ್ನು ಒಡೆಯುತ್ತದೆ. ತುದಿ ಕಾಯದಂತೆ ನೀರು ಸತತವಾಗಿ ಹರಿಯುತ್ತಿರುತ್ತದೆ. ಬಾಯಿ ತೆರೆದು ಅಲುಗದೆ ಮಲಗೆಂದು ನಾಯಿಗೆ ಹೇಳುವಂತಿಲ್ಲ. ವಸಡಿನ ಕೆಳಗೆ ಕೆಲಸ ಮಾಡುವಾಗ ನೋವೂ ಆಗುತ್ತದೆ. ಆದುದರಿಂದ ಅದಕ್ಕೆ ಅರಿವಳಿಕೆಯನ್ನು ಕೊಡುವುದು ಅಗತ್ಯ. ನಾಯಿಯನ್ನು ಮೊದಲೇ ಸಿದ್ಧಗೊಳಿಸುವ ಕ್ರಮಗಳೆಲ್ಲವೂ ಬಹುಮಟ್ಟಿಗೆ ಈ ಅರಿವಳಿಕೆಗಾಗಿಯೇ ಇವೆ.

ಕೆಲವು ದಿನ ಮುಂಚಿತವಾಗಿಯೇ ವೈದ್ಯರು ಹೃದಯದ ಬಡಿತವನ್ನು ಆಲಿಸಿ, ರಕ್ತವನ್ನು ಪರೀಕ್ಷಿಸುತ್ತಾರೆ. ಅರಿವಳಿಕೆಯ ಮದ್ದುಗಳಲ್ಲಿ ಹಲವನ್ನು ವಿಭಜಿಸುವುದು ಯಕೃತ್ತು, ಹೊರಹಾಕುವುದು ಮೂತ್ರಪಿಂಡ. ಇವೆರಡೂ ಸರಿಯಾಗಿವೆಯೇ ಎಂಬುದನ್ನು ರಕ್ತವು ತಿಳಿಸುತ್ತದೆ. ಹಿಂದಿನ ಕಾಯಿಲೆಗಳನ್ನೂ ಈಗ ಕೊಡುತ್ತಿರುವ ಔಷಧಿಗಳನ್ನೂ ನಾವು ವೈದ್ಯರಿಗೆ ಬಿಡದೆ ಹೇಳಬೇಕು.

ಇನ್ನು ಉಪವಾಸ. ಇದಕ್ಕೆ ಕಾರಣವೇನು? ಎಚ್ಚರವಿರುವಾಗ ತುತ್ತು ದಾರಿ ತಪ್ಪಿ ಶ್ವಾಸನಾಳದತ್ತ ಸರಿದರೆ, ಒಡನೆಯೇ ಕೆಮ್ಮು ಬಂದು ಅದನ್ನು ಹೊರದೂಡುತ್ತದೆ. ಅರಿವಳಿಕೆಯಲ್ಲಿ ಈ ಪ್ರತಿಕ್ರಿಯೆ ಉಡುಗಿಹೋಗುತ್ತದೆ. ಜಠರದ ಬಾಯನ್ನು ಬಿಗಿದಿರುವ ಸ್ನಾಯುವೂ ಸಡಿಲವಾಗುತ್ತದೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಅದು ಆಮ್ಲದೊಡನೆ ಮೇಲೇರಿ ಶ್ವಾಸಕೋಶವನ್ನು ಸೇರಬಹುದು. ವೈದ್ಯರು ಶ್ವಾಸನಾಳದೊಳಗೆ ನಳಿಕೆಯನ್ನಿಟ್ಟು, ಅದರ ಸುತ್ತಲಿನ ಪುಟ್ಟ ಗಾಳಿಚೀಲವನ್ನು ಉಬ್ಬಿಸಿ ದಾರಿಯನ್ನು ಕಾಯುತ್ತಾರೆ, ನಿಜ. ಆದರೆ ನಳಿಕೆಯನ್ನು ಇಡುವ ಮೊದಲೂ ತೆಗೆದ ಬಳಿಕವೂ ಆ ಕಾವಲು ಇರುವುದಿಲ್ಲ.

ಈ ಅಪಾಯವನ್ನು ಮನುಷ್ಯರ ವಿಷಯದಲ್ಲಿ ಸ್ಪಷ್ಟಪಡಿಸಿದವರು ನ್ಯೂಯಾರ್ಕಿನ ವೈದ್ಯ ಕರ್ಟಿಸ್ ಮೆಂಡೆಲ್‌ಸನ್. 1932ರಿಂದ 1945ರವರೆಗಿನ 44,016 ಬಸುರಿಯರ ದಾಖಲೆಗಳನ್ನು ಪರಿಶೀಲಿಸಿ, ಅವರಲ್ಲಿ 66 ಮಂದಿಗೆ ಅರಿವಳಿಕೆಯ ವೇಳೆ ಜಠರದ ಪದಾರ್ಥ ಶ್ವಾಸಕೋಶವನ್ನು ಹೊಕ್ಕಿತ್ತೆಂದು ಅವರು 1946ರಲ್ಲಿ ಪ್ರಕಟಿಸಿದರು. ಗಟ್ಟಿ ಆಹಾರ ದಾರಿಯನ್ನೇ ಮುಚ್ಚಿ ಉಸಿರುಕಟ್ಟಿಸುತ್ತದೆ. ದ್ರವದಲ್ಲಿ ಕೇಡು ಮಾಡುವುದು ಅದರ ಆಮ್ಲ. ಇದನ್ನು ಅವರು ಮೊಲಗಳ ಮೇಲೆ ಪ್ರಯೋಗ ನಡೆಸಿ ತೋರಿಸಿದರು.

ಆರೋಗ್ಯವಂತ ಬೆಳೆದ ನಾಯಿಗೆ ಹಿಂದಿನ ರಾತ್ರಿಯ ಊಟದ ಬಳಿಕ ಏನನ್ನೂ ಕೊಡದೆ, ನೀರನ್ನು ಮಾತ್ರ ಬೆಳಗಿನವರೆಗೆ ಇಡುವುದು ಸಾಮಾನ್ಯ ರೂಢಿ. ಆದರೆ ಎಲ್ಲಕ್ಕೂ ಒಂದೇ ನಿಯಮವಲ್ಲ. ಎಳೆಯ ಮರಿ ಬಹಳ ಹೊತ್ತು ಹಸಿದಿದ್ದರೆ ರಕ್ತದ ಸಕ್ಕರೆ ಇಳಿದುಹೋಗುತ್ತದೆ. ಮಧುಮೇಹವುಳ್ಳ ನಾಯಿಗೆ ಆಹಾರವನ್ನೂ ಇನ್ಸುಲಿನ್ನನ್ನೂ ಹೊಂದಿಸಬೇಕಾಗುತ್ತದೆ. ಆದಕಾರಣ ವೈದ್ಯರು ಹೇಳಿದ ಗಂಟೆಗಳೇ ಪ್ರಮಾಣ. ಹೊರಡುವ ಮುನ್ನ ನಾಯಿಯನ್ನು ಸ್ವಲ್ಪ ದೂರ ನಡೆಸಿ, ಮಲಮೂತ್ರಗಳಿಗೆ ಅವಕಾಶ ಕೊಡುವುದು ಒಳ್ಳೆಯದು. ಮರಳಿ ಬಂದ ದಿನ ಅದು ತೂಕಡಿಸುತ್ತಿರಬಹುದು. ಬೆಚ್ಚನೆಯ ಜಾಗದಲ್ಲಿ ಮಲಗಿಸಿ, ವೈದ್ಯರು ಹೇಳಿದಾಗ ಮೆತ್ತಗಿನ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬೇಕು.

ಉಪವಾಸದ ಬೆಳಗ್ಗೆ ನಾಯಿ ಎಂದಿನಂತೆ ಬಾಲವಾಡಿಸುತ್ತ ತಟ್ಟೆಯ ಬಳಿ ಬಂದು ನಿಲ್ಲುತ್ತದೆ. ಮನೆಯವರಲ್ಲಿ ಯಾರಾದರೊಬ್ಬರು ಮರುಕದಿಂದ ಬಿಸ್ಕತ್ತೊಂದನ್ನು ಹಾಕಿಬಿಡುವುದುಂಟು. ಹಾಗಾದರೆ ಅದನ್ನು ಮುಚ್ಚಿಡಬಾರದು. ವೈದ್ಯರಿಗೆ ಹೇಳಿದರೆ ಕೆಲಸ ಒಂದು ದಿನ ಮುಂದಕ್ಕೆ ಹೋದೀತು. ಹೇಳದಿದ್ದರೆ ನಾಯಿಯ ಪ್ರಾಣಕ್ಕೇ ಸಂಚಕಾರ ಬಂದೀತು. ತಾನು ತಿಂದುದನ್ನು ನಾಯಿ ಹೇಳಲಾರದು. ಅದರ ಪರವಾಗಿ ಹೇಳಬೇಕಾದವರು ನಾವು.