ಫ್ರೀಡ್ರಿಶ್ ಆಲ್ಥೋಫ್: ವಿಶ್ವವಿದ್ಯಾಲಯಗಳನ್ನು ಬೆಳೆಸಿದ ಅಧಿಕಾರಿ

ವಿಜ್ಞಾನದ ಇತಿಹಾಸದಲ್ಲಿ ನಾವು ವಿಜ್ಞಾನಿಗಳ ಹೆಸರುಗಳನ್ನು ಓದುತ್ತೇವೆ. ಅವರಿಗೆ ಪ್ರಯೋಗಾಲಯ, ಹುದ್ದೆ, ಹಣ ಒದಗಿಸಿದವರ ಹೆಸರು ಪಠ್ಯಪುಸ್ತಕದಲ್ಲಿ ಕಾಣುವುದು ಅಪರೂಪ. ಜರ್ಮನಿಯ ಫ್ರೀಡ್ರಿಶ್ ಆಲ್ಥೋಫ್ ಅಂಥವರಲ್ಲಿ ಒಬ್ಬರು.

ಆಲ್ಥೋಫ್ 1839ರಲ್ಲಿ ಡಿನ್ಸ್‌ಲಾಕೆನ್ ಎಂಬ ಊರಿನಲ್ಲಿ ಹುಟ್ಟಿದರು. ಕಾನೂನು ಓದಿ ವಕೀಲಿಕೆಯ ತರಬೇತಿ ಪಡೆದರು. 1871ರಲ್ಲಿ ಸ್ಟ್ರಾಸ್‌ಬರ್ಗ್ ನಗರದ ಜರ್ಮನ್ ಆಡಳಿತದಲ್ಲಿ ಕಾನೂನು ಅಧಿಕಾರಿಯಾದರು. ಮರುವರ್ಷ ಅಲ್ಲಿ ತೆರೆದ ಹೊಸ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕರನ್ನು ಹುಡುಕಿ ತರುವ ಕೆಲಸದಲ್ಲಿ ನೆರವಾದರು. ಡಾಕ್ಟರೇಟ್ ಇಲ್ಲದಿದ್ದರೂ ಅಲ್ಲೇ ಕಾನೂನು ಪ್ರಾಧ್ಯಾಪಕರೂ ಆದರು. 1882ರಲ್ಲಿ ಬರ್ಲಿನ್‌ಗೆ ಬಂದು ಪ್ರಷ್ಯಾ ರಾಜ್ಯದ ಶಿಕ್ಷಣ ಸಚಿವಾಲಯ ಸೇರಿದರು. ಮುಂದಿನ 25 ವರ್ಷಗಳಲ್ಲಿ ಸಚಿವರು ಬದಲಾಗುತ್ತಾ ಹೋದರು, ಆಲ್ಥೋಫ್ ಮಾತ್ರ ಉಳಿದರು.

ಅವರು ಮಾಡಿದ್ದೇನು?

ಯಾವ ಊರಿನಲ್ಲಿ ಯಾವ ಪ್ರತಿಭೆ ಇದೆ ಎಂದು ಅವರು ನಂಬಿಕಸ್ಥ ವಿದ್ವಾಂಸರಿಂದ ತಿಳಿದುಕೊಳ್ಳುತ್ತಿದ್ದರು. ಗಣಿತಜ್ಞ ಫೆಲಿಕ್ಸ್ ಕ್ಲೈನ್ 1886ರಲ್ಲಿ ಗಾಟಿಂಗೆನ್‌ಗೆ ಬಂದರು, 1895ರಲ್ಲಿ ಡೇವಿಡ್ ಹಿಲ್ಬರ್ಟ್ ಬಂದರು. ಆ ಚಿಕ್ಕ ಊರು ಜಗತ್ತಿನ ಗಣಿತದ ಕೇಂದ್ರವಾಯಿತು. ಯಹೂದಿಯಾಗಿದ್ದ ಪಾಲ್ ಎರ್ಲಿಶ್ ಅವರಿಗೆ ವಿಶ್ವವಿದ್ಯಾಲಯದಲ್ಲಿ ತಕ್ಕ ಹುದ್ದೆ ಸಿಗುವುದು ಕಷ್ಟವಾಗಿತ್ತು. ಅವರಿಗೆ ಪ್ರತ್ಯೇಕ ಸಂಶೋಧನಾ ಸಂಸ್ಥೆಯೇ ದೊರೆಯುವಂತೆ ಆಲ್ಥೋಫ್ ನೋಡಿಕೊಂಡರು. 1908ರಲ್ಲಿ ಎರ್ಲಿಶ್‌ಗೆ ನೊಬೆಲ್ ಪ್ರಶಸ್ತಿ ಬಂತು. ಆಲ್ಥೋಫ್ ಬೆಂಬಲಿಸಿದ ಬೆಹ್ರಿಂಗ್ (1901) ಮತ್ತು ಕಾಕ್ (1905) ಅವರಿಗೂ ಅದೇ ಪ್ರಶಸ್ತಿ ಬಂದಿತ್ತು.

ಪಿಯು ವಿದ್ಯಾರ್ಥಿಗಳು ಗಮನಿಸಬೇಕಾದ ಇನ್ನೊಂದು ಕೆಲಸವಿದೆ. ಆಗ ಲ್ಯಾಟಿನ್ ಮತ್ತು ಗ್ರೀಕ್ ಕಲಿಸುವ ಶಾಲೆಗೇ ಹೆಚ್ಚಿನ ಮಾನ್ಯತೆ. ಆಧುನಿಕ ಭಾಷೆ, ವಿಜ್ಞಾನ ಕಲಿತವರಿಗೆ ವಿಶ್ವವಿದ್ಯಾಲಯದ ಅನೇಕ ಬಾಗಿಲುಗಳು ಮುಚ್ಚಿದ್ದವು. ಆಲ್ಥೋಫ್ ಮುಂದೆ ನಿಂತು ಕೆಲಸ ಮಾಡಿದ ಸುಧಾರಣೆಯಿಂದ, 1900ರ ರಾಜಾಜ್ಞೆ ಮೂರೂ ಬಗೆಯ ಪ್ರೌಢಶಾಲೆಗಳನ್ನು ತಾತ್ವಿಕವಾಗಿ ಸಮಾನವೆಂದು ಒಪ್ಪಿತು.

ನಾಣ್ಯದ ಇನ್ನೊಂದು ಮುಖ

ಇಷ್ಟೆಲ್ಲ ಅಧಿಕಾರ ಒಬ್ಬರ ಕೈಯಲ್ಲಿತ್ತು. ದೊಡ್ಡ ಪ್ರಾಧ್ಯಾಪಕರೂ ಅವರ ಕೊಠಡಿಯ ಹೊರಗೆ ಗಂಟೆಗಟ್ಟಲೆ ಕಾಯಬೇಕಿತ್ತು. ಅಧ್ಯಾಪಕ ಮಂಡಳಿ ಸೂಚಿಸಿದ ಹೆಸರುಗಳನ್ನು ಬದಿಗಿಟ್ಟು ನೇಮಕ ಮಾಡಿದ್ದೂ ಉಂಟು. ಲಿಯೋ ಆರೋನ್ಸ್ ಎಂಬ ಭೌತವಿಜ್ಞಾನಿ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದಲ್ಲಿದ್ದರು. ಅವರನ್ನು ತೆಗೆಯಲು ಬರ್ಲಿನ್‌ನ ಅಧ್ಯಾಪಕರು ಒಪ್ಪಲಿಲ್ಲ. ಆಗ 1898ರಲ್ಲಿ ಹೊಸ ಕಾನೂನೇ ಬಂತು, 1900ರಲ್ಲಿ ಆರೋನ್ಸ್ ಕೆಲಸ ಕಳೆದುಕೊಂಡರು. ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಆಲ್ಥೋಫ್ ಅವರ ದೂರದೃಷ್ಟಿಯನ್ನು ಒಪ್ಪಿಕೊಂಡರು. ಆದರೆ ಆ ಪದ್ಧತಿ ಯುವ ವಿದ್ವಾಂಸರ ಸ್ವಾಭಿಮಾನವನ್ನು ಕೆಡಿಸುತ್ತದೆ ಎಂದು ಟೀಕಿಸಿದರು.

ಆಲ್ಥೋಫ್ 1907ರಲ್ಲಿ ನಿವೃತ್ತರಾಗಿ, ಮರುವರ್ಷ ತೀರಿಕೊಂಡರು. ಅವರ ಬದುಕಿನಿಂದ ಎರಡು ಪಾಠಗಳಿವೆ. ಪ್ರತಿಭೆಯನ್ನು ಗುರುತಿಸಿ ಅವಕಾಶ ಕೊಡುವ ಅಧಿಕಾರಿ ಒಂದು ದೇಶದ ವಿದ್ಯೆಯನ್ನೇ ಎತ್ತರಕ್ಕೆ ಒಯ್ಯಬಲ್ಲರು. ಆದರೆ ನಿಯಮಕ್ಕಿಂತ ವ್ಯಕ್ತಿ ದೊಡ್ಡವರಾದರೆ, ಎರ್ಲಿಶ್‌ಗೆ ತೆರೆದ ಬಾಗಿಲು ಆರೋನ್ಸ್‌ಗೆ ಮುಚ್ಚುತ್ತದೆ. ನಾಳೆ ನಮ್ಮಲ್ಲೂ ಕೆಲವರು ಅಧಿಕಾರದ ಕುರ್ಚಿಯಲ್ಲಿ ಕೂರುವವರಿದ್ದಾರೆ. ಈ ಎರಡನ್ನೂ ನೆನಪಿಟ್ಟುಕೊಳ್ಳೋಣ.

ಚರ್ಚೆಗೆ ಪ್ರಶ್ನೆಗಳು:
1. ಅಧ್ಯಾಪಕರ ನೇಮಕದಲ್ಲಿ ಸರ್ಕಾರದ ಮಾತು ಎಷ್ಟಿರಬೇಕು?
2. ಒಳ್ಳೆಯ ಫಲ ಬಂದರೆ, ನಿಯಮ ಮೀರಿದ ದಾರಿಯನ್ನು ಒಪ್ಪಬಹುದೇ?