ಪದ ಗೊತ್ತು ಅಂದರೆ ಏನು ಗೊತ್ತು? ಪೆರಾಬೆಯ ತರಗತಿಗೆ ಆರು ಸೂತ್ರ

ದಕ್ಷಿಣ ಕನ್ನಡದ ಪೆರಾಬೆ ಕಡೆ ಒಂದನೇ ತರಗತಿಗೆ ಬರುವ ಮಗುವಿನ ಬಾಯಲ್ಲಿ ತುಳುವೋ ಅರೆಭಾಷೆಯೋ ಬ್ಯಾರಿಯೋ ಮಲಯಾಳವೋ ಇರುತ್ತದೆ. ಪುಸ್ತಕದ ಕನ್ನಡ ಅನೇಕರಿಗೆ ಶಾಲೆಯಲ್ಲೇ ಮೊದಲು ಸಿಗುವ ನುಡಿ. ಪದ ಕಲಿಸುವವರು ಹೊರಡಬೇಕಾದ್ದು ಇಲ್ಲಿಂದ.

1. ಮನೆಮಾತನ್ನು ಹಲಗೆಗೆ ತನ್ನಿ. ಪಕ್ಕಿ–ಹಕ್ಕಿ, ಪಿಲಿ–ಹುಲಿ, ಪೂ–ಹೂ. ಹಳಗನ್ನಡದಲ್ಲೂ ಇದ್ದ ಪಕಾರ ತುಳುವಿನಲ್ಲಿ ಉಳಿಯಿತು, ಕನ್ನಡದಲ್ಲಿ ಹಕಾರವಾಯಿತು. ಮೂರು ಜೋಡಿ ಬರೆದರೆ ನಾಲ್ಕನೆಯದನ್ನು ಮಕ್ಕಳೇ ಹುಡುಕುತ್ತಾರೆ. ಯಾರಾದರೂ ‘ಪೇರ್’ ಎಂಬುದಕ್ಕೆ ‘ಹೇರು’ ಅಂದರೆ ಗದರಬೇಡಿ. ಅದು ಯೋಚಿಸಿದ ಮಗು. ‘ಹಾಲು’ ಎಂದು ತಿದ್ದಿದರಾಯಿತು.

2. ಗೊತ್ತಿರುವ ಪದದ ಬಗ್ಗೆಯೇ ಹೆಚ್ಚು ಎಚ್ಚರವಿರಲಿ. ನಮ್ಮ ಮಕ್ಕಳಿಗೆ ಕೆರೆ ಎಂದರೆ ತೋಟದ ಮೂಲೆಯಲ್ಲಿ ಅಗೆದದ್ದು. ಪಾಠದ ಕೆರೆ ಬಯಲುಸೀಮೆಯದು, ಏರಿ ಕಟ್ಟಿ ಊರ ಗದ್ದೆಗೆಲ್ಲ ನೀರುಣಿಸುವಂಥದು. ಹಾಳೆ ಎಂದರೆ ಅಡಿಕೆ ಮರದಿಂದ ಬೀಳುವುದು. ಪಾಠದಲ್ಲಿ ಅದು ಕಾಗದ. ಹೊಸ ಪದವಾದರೆ ಮಗು ಕೇಳೀತು. ಇಂಥದನ್ನು ಕೇಳುವುದೇ ಇಲ್ಲ, ತಪ್ಪು ಅರ್ಥ ಒಳಗೇ ಉಳಿಯುತ್ತದೆ. ಚಿತ್ರ ಬಿಡಿಸಲು ಹೇಳಿ, ಬಯಲಾಗುತ್ತದೆ.

3. ಪಾಠಕ್ಕೆ ಐದಾರು ಪದ ಸಾಕು.

4. ‘ಪದದ ಅರ್ಥ ಬರೆಯಿರಿ’ ಎಂಬ ಪ್ರಶ್ನೆಯೊಂದನ್ನೇ ನಂಬಬೇಡಿ. ‘ಹೇರಳ ಅಂದರೆ ಬಹಳ’ ಎಂದು ಬಾಯಿಪಾಠ ಮಾಡಿದವರೂ ಪೂರ್ಣಾಂಕ ಪಡೆಯುತ್ತಾರೆ. ಪದದ ಅರಿವಿಗೆ ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ ನಾಲ್ಕು ಮೆಟ್ಟಿಲು ಹೇಳಿದ್ದರು: ಕಂಡೇ ಇಲ್ಲ; ಕೇಳಿದ್ದೇನೆ, ಆದರೆ ಅರ್ಥ ಗೊತ್ತಿಲ್ಲ; ಸಂದರ್ಭದಲ್ಲಿ ಹೊಳೆಯುತ್ತದೆ; ಚೆನ್ನಾಗಿ ಗೊತ್ತು. ಪಾಠಕ್ಕೆ ಮೊದಲೊಮ್ಮೆ, ಮುಗಿದ ಮೇಲೊಮ್ಮೆ ಮಕ್ಕಳೇ ತಮ್ಮ ಮೆಟ್ಟಿಲು ಗುರುತಿಸಲಿ. ಆಮೇಲೆ ಕೇಳಿ: ನಿಮ್ಮೂರಲ್ಲಿ ಯಾವುದು ಹೇರಳ, ಯಾವುದು ವಿರಳ? ‘ಆಟಿ ತಿಂಗಳಲ್ಲಿ ಮಳೆ ಹೇರಳ, ಬಿಸಿಲು ವಿರಳ’ ಎಂದ ಮಗುವಿಗೆ ಎರಡೂ ಪದ ದಕ್ಕಿವೆ. ಇದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಕಾಣದು.

5. ಅರ್ಥಕ್ಕೆ ಬೇರೆ ಅಂಕ, ಕಾಗುಣಿತಕ್ಕೆ ಬೇರೆ. ಒತ್ತಕ್ಷರ ತಪ್ಪಿತೆಂದು ಸರಿಯಾದ ವಾಕ್ಯಕ್ಕೆ ಸೊನ್ನೆ ಕೊಟ್ಟರೆ ಆ ಮಗು ಮುಂದೆ ಸುಲಭದ ಪದಗಳನ್ನಷ್ಟೇ ಬರೆಯುತ್ತದೆ.

6. ವಾರ ಬಿಟ್ಟು ಕೇಳಿ, ತಿಂಗಳು ಬಿಟ್ಟು ಮತ್ತೆ ಕೇಳಿ. ಮರೆತಿದ್ದರೆ ಬಯ್ಯದೆ ಇನ್ನೊಂದು ಸಂದರ್ಭದಲ್ಲಿ ಅದೇ ಪದ ಬಳಸಿ.

ಮೇಷ್ಟ್ರಿಗೇ ತುಳು ಬಾರದಿದ್ದರೆ? ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ಹೊರತಂದ ಆರು ಸಂಪುಟಗಳ ತುಳು ನಿಘಂಟಿನಲ್ಲಿ ಕನ್ನಡ ಅರ್ಥವೂ ಇದೆ. ಅದು ಕೈಗೆ ಸಿಗದಿದ್ದರೆ ಒಂದು ಶನಿವಾರ ಮಕ್ಕಳ ಅಜ್ಜ ಅಜ್ಜಿಯರನ್ನು ತರಗತಿಗೆ ಕರೆಯಿರಿ.